ಹಿತ್ತಲ ದಾಳಿಂಬೆ: ಉಳಿಸೋದಾ, ಕಡಿಸೋದಾ?

ಹಿತ್ತಲಗಿಡ:
ಮಧುಗಿರಿ ಕಡೆಯ ನಮ್ಮೂರ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ದಾಳಿಂಬೆ ಗಿಡ ಇದೆ. ನಮ್ಮಜ್ಜಿ ಹಾಕಿದ್ದು. ಬೀಜದಿಂದ ಬಂದದ್ದೋ, ಯಾರದೋ ಮನೆಯ ಕಡ್ಡಿ ನೆಟ್ಟದ್ದೋ ಈಗ ಹೇಳುವವರಿಲ್ಲ. ಹಣ್ಣು ನಿಂಬೆಗಿಂತ ದೊಡ್ಡದು, ಮೋಸಂಬಿಗಿಂತ ಚಿಕ್ಕದು. ಸಿಪ್ಪೆ ಹಳದಿ, ಬಿಸಿಲು ಬಿದ್ದ ಕೆನ್ನೆ ಮಾತ್ರ ಕೆಂಪು. ಕಾಳು ತೆಳು ಗುಲಾಬಿ. ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ಸಿಹಿ. ಬೀಜ ಮಾತ್ರ ಕಲ್ಲು.

ಅಣ್ಣ ಆ ಜಾಗದಲ್ಲಿ ಹೊಸ ಬಚ್ಚಲುಮನೆ ಕಟ್ಟಿಸುತ್ತಿದ್ದಾನೆ. ಮುಂದಿನ ವಾರ ಗಿಡ ತೆಗೆಸುತ್ತಾನಂತೆ. "ತಿನ್ನೋಕೆ ಬೇಕಾದರೆ ಅಂಗಡಿಯಲ್ಲಿ ಕೆಂಪಗಿರೋ ಭಗವಾ ಸಿಗುತ್ತೆ, ಇದೇನು ಮಹಾ" ಅನ್ನುತ್ತಾನೆ. ಅಮ್ಮ ಒಪ್ಪುತ್ತಿಲ್ಲ. "ನಾಟಿ ದಾಳಿಂಬೆಯಲ್ಲೇ ಔಷಧಿ ಗುಣ ಇರೋದು, ಅಂಗಡಿದು ಬರೀ ಬಣ್ಣ" ಅನ್ನುತ್ತಾಳೆ. ಇಬ್ಬರೂ ಫೋನ್ ಮಾಡಿ ಬೆಂಗಳೂರಲ್ಲಿರುವ ನನ್ನ ತಲೆ ತಿನ್ನುತ್ತಿದ್ದಾರೆ. ಇಲ್ಲಿ ತಿಳಿದವರು ಇದ್ದೀರಿ. ನಿಜ ಏನು? ಸೆಂಟಿಮೆಂಟ್ ಬಿಟ್ಟು ಹೇಳಿ.

ಮಾರ್ಕೆಟ್ ಮಂಜ:
ಸೆಂಟಿಮೆಂಟ್ ಬಿಟ್ಟು ಹೇಳಬೇಕಾದರೆ ನಿಮ್ಮಣ್ಣ ಸರಿ. ಹದಿನಾರು ವರ್ಷದಿಂದ ಹಣ್ಣು ಮಾರುತ್ತಿದ್ದೇನೆ. ಗಿರಾಕಿ ಮುಂದೆ ಒಂದು ಹಣ್ಣು ಕೊಯ್ದು ಇಡುತ್ತೇವೆ. ಕಾಳು ಕೆಂಪಗೆ ಮಿನುಗಿದರೆ ಎರಡು ಕೆಜಿ ಕಟ್ಟು ಅಂತಾರೆ. ಸ್ವಲ್ಪ ಬಿಳಿಚಿಕೊಂಡಿದ್ದರೆ ನನ್ನನ್ನೇ ಕಳ್ಳನ ಥರ ನೋಡುತ್ತಾರೆ. ಒಂದ್ಸಲ ಕಡಿಮೆಗೆ ಸಿಕ್ತು ಅಂತ ಗಣೇಶ್ ತಳಿಯ ಹಣ್ಣು ಇಳಿಸಿಕೊಂಡೆ. ರುಚಿ ಸಕ್ಕರೆ, ಬೀಜ ಮೆತ್ತಗೆ. ಬಣ್ಣ ತೆಳು ಅಂತ ಅರ್ಧಕ್ಕರ್ಧ ಬಾಕ್ಸಲ್ಲೇ ಉಳಿಯಿತು. ನಿಮ್ಮ ಹಿತ್ತಲ ಹಣ್ಣನ್ನು ನಾನು ಪುಕ್ಕಟೆ ಕೊಟ್ಟರೂ ಇಡಲ್ಲ, ಬೇಜಾರಾಗಬೇಡಿ.

ಓಡಿನ ತಂಬುಳಿ:
ಮಾರುವ ಮಾತು ಬೇರೆ, ಮದ್ದಿನ ಮಾತು ಬೇರೆ ಅಲ್ವಾ? ನಮ್ಮ ಶಿರಸಿ ಕಡೆ ದಾಳಿಂಬೆ ಗಿಡ ಇಟ್ಟುಕೊಳ್ಳುವುದೇ ಹಣ್ಣಿಗಲ್ಲ. ಆ ಮಳೆಗೆ ಹಣ್ಣು ಸೀಳಿ ಹೋಗುತ್ತದೆ, ಉಳಿದದ್ದು ಮಂಗನ ಪಾಲು. ನಮಗೆ ಬೇಕಾದದ್ದು ಚಿಗುರು ಮತ್ತು ಓಡು, ಅಂದರೆ ಸಿಪ್ಪೆ. ಒಣಗಿಸಿ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಹೊಟ್ಟೆ ಕೆಟ್ಟಾಗ ಉಗುರಷ್ಟು ಓಡಿನ ಚೂರು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಹಾಕಿ ನುಣ್ಣಗೆ ಬೀಸಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕುದಿಸಬಾರದು. ಅನ್ನಕ್ಕೆ ಕಲಸಿಕೊಂಡು ಎರಡು ಹೊತ್ತು ಉಂಡರೆ ಹೊಟ್ಟೆ ನಿಲ್ಲುತ್ತದೆ. ಅಮ್ಮನ ಮಾತು ಸುಳ್ಳಲ್ಲ.

ಪಥ್ಯದಕ್ಕ:
ನಾನು ಆಸ್ಪತ್ರೆಯಲ್ಲಿ ಪಥ್ಯಾಹಾರ ಹೇಳುವವಳು. ದಿನಕ್ಕೆ ಹತ್ತು ಜನರಾದರೂ ಕೇಳುತ್ತಾರೆ, "ಮೇಡಂ, ರಕ್ತ ಕಡಿಮೆ ಇದೆ, ದಿನಾ ದಾಳಿಂಬೆ ಕೊಡ್ತಾ ಇದ್ದೀವಿ". ರಸ ಕೆಂಪಗಿದೆ, ರಕ್ತ ಕೆಂಪಗಿದೆ, ಹಾಗಾಗಿ ಇದು ಅದಾಗುತ್ತದೆ ಅನ್ನುವ ಲೆಕ್ಕ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ 100 ಗ್ರಾಂ ದಾಳಿಂಬೆ ಕಾಳಿಗೆ ಕಬ್ಬಿಣಾಂಶ 0.3 ಮಿಲಿಗ್ರಾಂ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಲೆಕ್ಕ ಹಾಕಿಕೊಳ್ಳಿ, ಸುಮಾರು ಹತ್ತು ಕೆಜಿ ಕಾಳು ಬಿಡಿಸಬೇಕು. 100 ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂ ಹತ್ತಿರ ಇದೆ. ಮುದ್ದೆ ಉಣ್ಣುವ ಮನೆಯವರು ಮುದ್ದೆ ಬಿಟ್ಟು ದಾಳಿಂಬೆಗೆ ಸಾಲ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ.

ದಾಳಿಂಬೆ ಒಳ್ಳೆಯ ಹಣ್ಣೇ. ನಾರು ಇದೆ, ಪೊಟ್ಯಾಸಿಯಂ ಇದೆ, ಸ್ವಲ್ಪ ಸಿ ವಿಟಮಿನ್ ಇದೆ. ನಾಟಿಯಾದರೂ ಅಷ್ಟೇ, ಭಗವಾ ಆದರೂ ಅಷ್ಟೇ.

ತಳಿಪುರಾಣ:
ಪಥ್ಯದಕ್ಕ, "ಅಷ್ಟೇ" ಅನ್ನುವುದು ಸ್ವಲ್ಪ ಅವಸರ. ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2017ರಲ್ಲಿ 'ಸೋಲಾಪುರ ಲಾಲ್' ಅಂತ ಒಂದು ತಳಿ ಬಿಟ್ಟಿತು. ಪೋಷಕಾಂಶ ಹೆಚ್ಚಿರಬೇಕು ಅಂತಲೇ ಮಾಡಿದ ತಳಿ. ಅವರ ಲೆಕ್ಕದಲ್ಲಿ ಅದರ 100 ಗ್ರಾಂ ಕಾಳಿಗೆ ಕಬ್ಬಿಣ 5.6ರಿಂದ 6.1 ಮಿಲಿಗ್ರಾಂ. ಗಣೇಶ್‌ನಲ್ಲಿ 2.7ರಿಂದ 3.2. ಸಿ ವಿಟಮಿನ್ ಕೂಡ 14ರ ಆಸುಪಾಸಿನಿಂದ 19ರ ಮೇಲಕ್ಕೆ ಹೋಗಿದೆ.

ಮಜಾ ಏನು ಅಂದರೆ ಅದರ ವಂಶ. ಭಗವಾ ಒಂದು ಕಡೆ. ಇನ್ನೊಂದು ಕಡೆ ಗಣೇಶ್, ಕುಂಡದಲ್ಲಿ ಚಂದಕ್ಕೆ ಬೆಳೆಸುವ ಕುಳ್ಳ 'ನಾನಾ', ಮತ್ತು ಹಿಮಾಚಲದ ಬೆಟ್ಟದ ಕಾಡು ದಾಳಿಂಬೆ 'ದಾರು'. ದಾರು ಅಂದರೆ ತಿಂದರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಅಲ್ಲಿನವರು ಅದರ ಕಾಳು ಒಣಗಿಸಿ ಅನಾರ್‌ದಾನ ಅನ್ನುವ ಹುಳಿ ಮಸಾಲೆ ಮಾಡುತ್ತಾರೆ. ಯಾರೂ ಹಣ್ಣು ಅಂತ ತಿನ್ನದ ಗಿಡ ಇಂಥ ತಳಿಯೊಳಗೆ ಬಂದು ಕೂತಿದೆ.

ಪಥ್ಯದಕ್ಕ:
ತಳಿಪುರಾಣದವರೇ, ನೀವೇ ಕೊಟ್ಟ ಅಂಕಿ ನೋಡಿ. ಮಾಮೂಲಿ ಗಣೇಶ್‌ನಲ್ಲೇ 2.7 ಅಂತಾರೆ, ನನ್ನ ಕೋಷ್ಟಕ 0.3 ಅನ್ನುತ್ತದೆ. ಒಂಬತ್ತು ಪಟ್ಟು ವ್ಯತ್ಯಾಸ! ಮಣ್ಣು ಬೇರೆ, ತಳಿ ಬೇರೆ, ಅಳೆಯುವ ಕ್ರಮ ಬೇರೆ. ಒಂದೇ ಕೋಷ್ಟಕದೊಳಗೆ ಎರಡು ತಳಿ ಹೋಲಿಸಬಹುದು. ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹಾರಬಾರದು. ಮತ್ತೆ ಹಣ್ಣಲ್ಲಿ ಇರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ. ದಾಳಿಂಬೆಯ ಸಿ ವಿಟಮಿನ್ ಹತ್ತಿಸಲು ನೋಡುತ್ತದೆ, ಅದರ ಒಗರು ತಡೆಯಲು ನೋಡುತ್ತದೆ. ಸೋಲಾಪುರ ಲಾಲ್ ಸಿಕ್ಕರೆ ತಿನ್ನಿ. ಆದರೆ ರಕ್ತ ಕಡಿಮೆ ಇದ್ದವರು ಮಾತ್ರೆ ಬಿಡಬೇಡಿ. ನನ್ನ ಗಲಾಟೆ ಇಷ್ಟೇ.

ಸುಮ್ನೆ ಕೇಳ್ತೀನಿ:
ಹಾಗಾದರೆ ನಾಟಿ ಅಂದರೇನು ಸ್ವಾಮಿ? ನಾಟಿ ಕೋಳಿ, ನಾಟಿ ಟೊಮೆಟೊ, ನಾಟಿ ದಾಳಿಂಬೆ. ದಾಳಿಂಬೆಯೇ ಇರಾನ್ ಕಡೆಯಿಂದ ಬಂದದ್ದು ಅಂತ ಓದಿದ ನೆನಪು. ಸುಮ್ನೆ ಕೇಳ್ತಾ ಇದೀನಿ.

ತಳಿಪುರಾಣ:
ಸುಮ್ನೆ ಕೇಳಿದರೂ ಸರಿಯಾದ ಪ್ರಶ್ನೆ. ಹೌದು, ಮೂಲ ಇರಾನ್ ಮತ್ತು ಅದರ ಆಸುಪಾಸು. ಇಡೀ ಕುಲದಲ್ಲಿ ಎರಡೇ ಜಾತಿ. ನಾವು ತಿನ್ನುವುದು ಒಂದು, ಯೆಮನ್ ದೇಶದ ಸೊಕೋತ್ರಾ ದ್ವೀಪದಲ್ಲಿ ಬೆಳೆಯುವುದು ಇನ್ನೊಂದು. ಅಂದರೆ ಜಗತ್ತಿನ ಅಷ್ಟೂ ತೋಟದ ದಾಳಿಂಬೆ, ಸಿಹಿ ಹುಳಿ ಕೆಂಪು ಬಿಳಿ ಎಲ್ಲ, ಒಂದೇ ಜಾತಿ.

'ನಾಟಿ' ಅನ್ನುವುದು ಒಂದು ತಳಿಯ ಹೆಸರಲ್ಲ. ದಾಳಿಂಬೆ ಬೀಜ ಹಾಕಿದರೆ ತಾಯಿಯ ಹಾಗೆ ಮಗಳು ಹುಟ್ಟುವುದಿಲ್ಲ. ಜೇನುನೊಣ ಯಾವ ಹೂವಿನ ಪರಾಗ ತಂದಿತ್ತೋ ಆ ಬೆರಕೆ. ಹಾಗಾಗಿ ಅಜ್ಜಿ ಬೀಜ ಹಾಕಿದ್ದರೆ, ಆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗಿಡದ ಜೀನುಗಳ ಜೋಡಣೆ ಇನ್ನೆಲ್ಲೂ ಇಲ್ಲ. ಕಡ್ಡಿ ನೆಟ್ಟಿದ್ದರೆ ಅದು ಯಾವುದೋ ಹಳೆಯ ಗಿಡದ ನಕಲು. ನಮ್ಮ ರಾಜ್ಯಕ್ಕೆ ಅಂತ ಹಳೆಯ ತೋಟಗಾರಿಕೆ ಪಠ್ಯಗಳು ಕೊಡುವ ತಳಿಗಳ ಪಟ್ಟಿಯಲ್ಲಿ ಬೇಸಿನ್ ಸೀಡ್‌ಲೆಸ್, ಪೇಪರ್ ಶೆಲ್ ಇವುಗಳ ಜೊತೆ 'ಮಧುಗಿರಿ' ಅಂತಲೇ ಒಂದು ಹೆಸರು ಇರುತ್ತದೆ, ಗೊತ್ತಾ? ನಿಮ್ಮ ಗಿಡ ಅದೇ ಅಂತ ಹೇಳುತ್ತಿಲ್ಲ. ಊರಿನ ಹೆಸರು ನೋಡಿ ನನ್ನ ಕಿವಿ ನಿಮಿರಿತು, ಅಷ್ಟೇ.

ಹಿತ್ತಲಗಿಡ:
ನಿಜವಾಗಲೂ? ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ! ಬೆಟ್ಟ ನೋಡೋಕೆ ಬರುತ್ತಾರೆ, ದಾಳಿಂಬೆ ಸುದ್ದಿ ಯಾರೂ ಎತ್ತಿದ್ದಿಲ್ಲ.

ಕುಷ್ಟಗಿ ರೈತ:
ನಮಸ್ಕಾರ ರೀ ಎಲ್ಲರಿಗೂ. ನಾನು ದಾಳಿಂಬ್ರಿ ಬೆಳೆದವನು, ಹಾಳಾದವನು, ಮತ್ತೆ ಬೆಳೆಯುತ್ತಿರುವವನು. ಔಷಧಿ ಗುಣ ನಿಮಗೆ ಬಿಟ್ಟೆ. ನಾನು ಬೇರೆ ಮಾತು ಹೇಳುತ್ತೇನೆ.

ನಾಲ್ಕು ಎಕರೆ ಇತ್ತು ನಂದು. ಎಲ್ಲ ಒಂದೇ ತಳಿ, ಒಂದೇ ನರ್ಸರಿಯ ಗೂಟಿ ಗಿಡ, ಅಂದರೆ ಕೊಂಬೆಗೇ ಬೇರು ಬರಿಸಿ ಮಾಡಿದ್ದು. ಮೂರನೇ ವರ್ಷ ಮಳೆ ಜೋರಾಯಿತು. ಎಲೆ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ. ಮಹಾರಾಷ್ಟ್ರದವರು ಇದಕ್ಕೆ 'ತೇಲ್ಯಾ' ಅನ್ನುವುದು ಸುಮ್ನೆ ಅಲ್ಲ. ನಾವು ದುಂಡಾಣು ರೋಗ ಅಂತೀವಿ. ಎಂಟು ದಿನದಲ್ಲಿ ಕಾಯಿ ಮೇಲೆ ಕಪ್ಪು ಕಲೆ, ಕಲೆಯ ನಡುವೆ ಬಿರುಕು. ಕಾಯಿ ಒಡೆದು ನೋಡಿದರೆ ಒಳಗೆ ಕಾಳು ಚೆನ್ನಾಗಿಯೇ ಇರುತ್ತದೆ ರೀ, ಅದೇ ಹೊಟ್ಟೆ ಉರಿಯುವುದು. ತಿನ್ನಲಿಕ್ಕೆ ಬರುತ್ತದೆ, ಮಾರಲಿಕ್ಕೆ ಬರುವುದಿಲ್ಲ. ಬೋರ್ಡೋ ಹೊಡೆದೆ, ಕಾಪರ್ ಹೊಡೆದೆ, ಸ್ಟ್ರೆಪ್ಟೋಸೈಕ್ಲಿನ್ ಹೊಡೆದೆ. ಕೊನೆಗೆ ಜೆಸಿಬಿ ತರಿಸಿ ಗಿಡ ಕಿತ್ತು ಬೆಂಕಿ ಇಟ್ಟೆ. ಬಾಗಲಕೋಟೆ, ವಿಜಯಪುರ, ಕೊಪ್ಪಳ ಎಲ್ಲಾ ಕಡೆ ಆಗ ಇದೇ ಕತೆ.

ಒಂದು ಗಿಡಕ್ಕೆ ಬಂದದ್ದು ಎಲ್ಲ ಗಿಡಕ್ಕೂ ಬಂತು. ಯಾಕೆ ಅಂದರೆ ಅಲ್ಲಿ ಇದ್ದದ್ದೇ ಒಂದು ಗಿಡ, ಸಾವಿರ ಸಲ ನಕಲು ಮಾಡಿದ್ದು. ಅದಕ್ಕೇ ಹೇಳುವುದು, ತಂಗಿ, ಆ ಗಿಡ ಕಡಿಸಬೇಡ.

ತಳಿಪುರಾಣ:
ನಿಮ್ಮ ನಷ್ಟಕ್ಕೆ ಬೇಸರ ಇದೆ ಗೌಡ್ರೇ. ಆದರೆ ಒಂದು ಮಾತು ನೇರ ಹೇಳುತ್ತೇನೆ. ನಾಲ್ಕು ಎಕರೆಯಲ್ಲಿ ನಾಲ್ಕು ತಳಿ ಇದ್ದಿದ್ದರೆ ಉಳಿಯುತ್ತಿತ್ತು ಅಂತ ಹೇಳಲು ಆಗುವುದಿಲ್ಲ. ಮೃದುಲಾ, ಅರಕ್ತಾ, ಭಗವಾ, ಗಣೇಶ್, ಈ ನಾಲ್ಕಕ್ಕೂ ದುಂಡಾಣು ತಗಲುತ್ತದೆ.

ಕಾರಣ ವಂಶದಲ್ಲಿದೆ. 1936ರಲ್ಲಿ ಪುಣೆಯ ಗಣೇಶ್‌ಖಿಂಡ್ ತೋಟದಲ್ಲಿ ಡಾ. ಚೀಮಾ ಅವರು ಆಳಂದಿ ಎಂಬ ತಳಿಯ ಸಸಿಗಳಲ್ಲಿ ಒಂದನ್ನು ಆರಿಸಿದರು. 1970ರಲ್ಲಿ ಅದಕ್ಕೆ ಗಣೇಶ್ ಅಂತ ಹೆಸರಾಯಿತು. ಆಮೇಲೆ ರಾಹುರಿಯ ಕೃಷಿ ವಿವಿಯವರು ಗಣೇಶ್ ಜೊತೆ 'ಗುಲ್-ಎ-ಶಾ ರೆಡ್' ಎಂಬ ರಷ್ಯನ್ ಕೆಂಪು ತಳಿ ಕೂಡಿಸಿದರು. ಅಲ್ಲಿಂದ 1994ರಲ್ಲಿ ಮೃದುಲಾ ಬಂತು, 2003ರ ಸುಮಾರಿಗೆ ಅರಕ್ತಾ, ಭಗವಾ ಬಂದವು. ಹೆಸರು ಮೂರು, ತಾಯಿ ಒಬ್ಬಳೇ. ಭಗವಾಗೇ ಊರೂರಿಗೆ ಹೆಸರು ಬೇರೆ: ಸೇಂದ್ರಿ, ಕೇಸರ್, ಅಷ್ಟಗಂಧ, ಮಸ್ತಾನಿ. ಐದು ತಳಿ ಹಾಕಿದ್ದೇನೆ ಅಂತ ರೈತ ಅಂದುಕೊಂಡಿರುತ್ತಾನೆ, ಹಾಕಿರುವುದು ಒಂದೇ. ಬೆಂಗಳೂರಿನ ಹೆಸರಘಟ್ಟದ 'ರೂಬಿ'ಯಲ್ಲೂ ಗಣೇಶ್ ರಕ್ತ ಇದೆ.

ಮಾರ್ಕೆಟ್ ಮಂಜ:
ಅಯ್ಯೋ, ನಾನು ಕೇಸರ್ ಬೇರೆ ರೇಟು, ಭಗವಾ ಬೇರೆ ರೇಟು ಹಾಕುತ್ತಿದ್ದೆನಲ್ಲ! ಇದನ್ನು ನನ್ನ ಗಿರಾಕಿಗಳು ಓದದಿದ್ದರೆ ಸಾಕು.

ಕುಷ್ಟಗಿ ರೈತ:
ಸರ್, ನೀವು ಹೇಳಿದ್ದು ನನ್ನ ಮಾತಿಗೇ ಪುಷ್ಟಿ ಅಲ್ಲೇನ್ರೀ? ನಾಲ್ಕೂ ಒಂದೇ ಮನೆಯವು ಅಂತ ನೀವೇ ಅಂದಿರಿ. ಹೊರಗಿನ ರಕ್ತ ಬೇಕು ಅಂತ ತಾನೇ ಅರ್ಥ? ಆ ತಂಗಿ ಮನೆಯ ಗಿಡಕ್ಕೆ ಇಷ್ಟು ವರ್ಷ ಔಷಧಿ ಹೊಡೆದಿಲ್ಲ, ರೋಗ ಬಂದಿಲ್ಲ. ಅದರಲ್ಲಿ ಏನೋ ಶಕ್ತಿ ಇದ್ದೇ ಇದೆ.

ತಳಿಪುರಾಣ:
ಹೊರಗಿನ ರಕ್ತ ಬೇಕು, ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಹಿತ್ತಲ ಗಿಡಕ್ಕೆ ರೋಗ ಬಂದಿಲ್ಲ ಅಂದರೆ ಅದಕ್ಕೆ ರೋಗ ತಡೆಯುವ ಶಕ್ತಿ ಇದೆ ಅಂತಲ್ಲ. ಒಂಟಿ ಗಿಡ. ಸುತ್ತ ಬೇರೆ ದಾಳಿಂಬೆ ಇಲ್ಲ. ರೋಗ ಅಲ್ಲಿಗೆ ಬಂದೇ ಇಲ್ಲದಿರಬಹುದು. ಕಾಡಲ್ಲಿ ಒಬ್ಬನೇ ಇರುವವನಿಗೆ ಶೀತ ಆಗಲಿಲ್ಲ ಅಂದರೆ ಗಟ್ಟಿ ಮನುಷ್ಯ ಅನ್ನುತ್ತೀರಾ? ಶಕ್ತಿ ಇದೆಯೋ ಇಲ್ಲವೋ ತಿಳಿಯಬೇಕಾದರೆ ಬೇಕಂತಲೇ ದುಂಡಾಣು ಸೋಕಿಸಿ ನೋಡಬೇಕು. ಅದಕ್ಕೆ ಗಿಡ ಬದುಕಿರಬೇಕು. ನಾನು ಉಳಿಸಿ ಅನ್ನುವುದು ಈ ಕಾರಣಕ್ಕೆ. ಅದರಲ್ಲಿ ಮಾಣಿಕ್ಯ ಇದೆ ಅಂತ ಅಲ್ಲ, ಇದೆಯೋ ಅಂತ ಯಾರೂ ಇನ್ನೂ ತೆಗೆದು ನೋಡಿಲ್ಲ ಅಂತ.

ಫ್ರೆಸ್ನೋ ಕನ್ನಡಿಗ:
ತಡವಾಗಿ ಬಂದೆ, ಕ್ಷಮಿಸಿ. ನಾನಿರುವ ಕ್ಯಾಲಿಫೋರ್ನಿಯಾದ ಈ ಬಯಲಿನಲ್ಲೂ ಇದೇ ಕತೆ. ಇಲ್ಲಿ 'ವಂಡರ್‌ಫುಲ್' ಅನ್ನುವ ಒಂದೇ ತಳಿಯದೇ ರಾಜ್ಯಭಾರ. 1896ರಲ್ಲಿ ಫ್ಲಾರಿಡಾದಿಂದ ಬಂದ ಕಡ್ಡಿ ಅದು. ಕಡ್ಡಿಯಿಂದ ಕಡ್ಡಿ, ಈಗ ಎಕರೆಗಟ್ಟಲೆ.

ಇದಕ್ಕೆ ಎದುರು ಇನ್ನೊಂದು ಕತೆ ಹೇಳುತ್ತೇನೆ. ತುರ್ಕ್‌ಮೆನಿಸ್ತಾನದ ಗರ್ರಿಗಲಾ ಅನ್ನುವಲ್ಲಿ ಗ್ರಿಗರಿ ಲೆವಿನ್ ಎಂಬ ಸಸ್ಯವಿಜ್ಞಾನಿ ಸುಮಾರು ನಲವತ್ತು ವರ್ಷ ದಾಳಿಂಬೆ ಕೂಡಿಹಾಕಿದರು. 1,117 ಬಗೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ದುಡ್ಡು ನಿಂತಿತು, ಮುದುಕರಾದ ಅವರು ಇಸ್ರೇಲಿಗೆ ಹೋಗಬೇಕಾಯಿತು. ತೋಟ ಕೈಬಿಟ್ಟು ಹೋಯಿತು. ಅದಕ್ಕೂ ಮೊದಲು ಒಂದಷ್ಟು ಕಡ್ಡಿಗಳನ್ನು ಬೇರೆ ದೇಶಗಳಿಗೆ ಕಳಿಸಿದ್ದರಿಂದ ಅಷ್ಟಾದರೂ ಉಳಿಯಿತು. ಇಲ್ಲಿನ ಡೇವಿಸ್ ಊರಿನ ಸರ್ಕಾರಿ ತೋಟದಲ್ಲಿ ಅವುಗಳಲ್ಲಿ ಕೆಲವು ಇವೆ. ಹಳದಿ ಸಿಪ್ಪೆಯವು, ತೆಳು ಗುಲಾಬಿ ಕಾಳಿನವು, ನೀವು ಹೇಳಿದಂಥವೇ. ಮೆತ್ತನೆ ಬೀಜದವೂ ಇವೆ.

ಸುಮ್ನೆ ಕೇಳ್ತೀನಿ:
ಎಲ್ಲ ಸರಿ. ಆದರೆ ಮೂಲ ಪ್ರಶ್ನೆ ಗಾಳಿಗೆ ಹೋಯಿತು. ಕೆಂಪು ಕಾಳಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಅಂತಾರಲ್ಲ? ಹಾಗಾದರೆ ಭಗವಾನೇ ಗೆದ್ದ ಹಾಗೆ. ತೆಳು ಗುಲಾಬಿ ಹಣ್ಣು ಯಾವ ಮುಖ ಇಟ್ಟುಕೊಂಡು ಔಷಧಿ ಅನ್ನಿಸಿಕೊಳ್ಳುತ್ತೆ?

ತಳಿಪುರಾಣ:
ಇಲ್ಲೇ ಎಲ್ಲರೂ ಎಡವುವುದು. ಕೆಂಪು ಬಣ್ಣ ಕೊಡುವುದು ಆಂಥೋಸಯನಿನ್. ಅದು ಭಗವಾದಲ್ಲಿ ಖಂಡಿತ ಜಾಸ್ತಿ. ಆದರೆ ಅದೇ ಭಗವಾ ಗಿಡದಲ್ಲೂ ಬಿಸಿಲು ಜೋರಿದ್ದಾಗ ಹಣ್ಣಾದರೆ ಕಾಳು ಬಿಳಿಚುತ್ತದೆ, ತಂಪಿನ ದಿನ ಹಣ್ಣಾದರೆ ಕೆಂಪಾಗುತ್ತದೆ. ಅಂದರೆ ಜೀನಿನ ಕೈ ಅರ್ಧ, ಹವೆಯ ಕೈ ಅರ್ಧ.

ದಾಳಿಂಬೆಯ ದೊಡ್ಡ ಸರಕು ಬಣ್ಣವಲ್ಲ, ಒಗರು. ಅಂದರೆ ಟ್ಯಾನಿನ್. ಅದರಲ್ಲಿ ಮುಖ್ಯವಾದದ್ದು ಪ್ಯೂನಿಕಲಾಜಿನ್. ಅದು ಕಾಳಲ್ಲಿ ಕಡಿಮೆ, ಸಿಪ್ಪೆಯಲ್ಲಿ ತುಂಬಿದೆ. ಇಸ್ರೇಲಿನವರು 2015ರಲ್ಲಿ ಒಂದು ಅಚ್ಚ ಬಿಳಿ ದಾಳಿಂಬೆ ಹಿಡಿದು ನೋಡಿದರು. ಸಿಪ್ಪೆ, ಹೂವು, ಕಾಳು ಎಲ್ಲೂ ಕೆಂಪಿಲ್ಲ. ಆಂಥೋಸಯನಿನ್ ಮಾಡುವ ಸರಪಳಿಯಲ್ಲಿ ಒಂದೇ ಒಂದು ಜೀನು ಕೆಟ್ಟಿತ್ತು. ಒಗರಿನ ಸರಪಳಿಯೇ ಬೇರೆ. ಬಿಳಿ ಹಣ್ಣು ಅಂದಮಾತ್ರಕ್ಕೆ ಸಪ್ಪೆ ಹಣ್ಣು ಅಲ್ಲ. ಹುಳಿ ತಳಿಗಳಲ್ಲಿ ಇಂಥ ಅಂಶ ಸಿಹಿಯವಕ್ಕಿಂತ ಜಾಸ್ತಿ ಅಂತ ಹಲವು ದೇಶಗಳಲ್ಲಿ ಕಂಡಿದ್ದಾರೆ. ಎಲ್ಲ ಹುಳಿ ತಳಿಗೂ ಇದು ನಿಯಮ ಅಲ್ಲ.

ಓಡಿನ ತಂಬುಳಿ:
ಕೇಳಿದಿರಾ! ಓಡಿನಲ್ಲಿ! ನಮ್ಮಜ್ಜಿಗೆ ಪ್ಯೂನಿಕ ಗೀನಿಕ ಗೊತ್ತಿರಲಿಲ್ಲ, ಆದರೆ ಎಲ್ಲಿದೆ ಅಂತ ಗೊತ್ತಿತ್ತು.

ಫ್ರೆಸ್ನೋ ಕನ್ನಡಿಗ:
ತಂಬುಳಿಯವರೇ, ನಿಮಗೆ ಇನ್ನೊಂದು ಖುಷಿ ಸುದ್ದಿ. 2000ರಲ್ಲಿ ಇಲ್ಲಿ ಒಂದು ಅಧ್ಯಯನ ಬಂತು. ಬಾಟಲಿ ದಾಳಿಂಬೆ ರಸದ ಆಂಟಿಆಕ್ಸಿಡೆಂಟ್ ಶಕ್ತಿ ಕೆಂಪು ವೈನ್, ಗ್ರೀನ್ ಟೀಗಿಂತ ಮೂರು ಪಟ್ಟು ಅಂತ. ಯಾಕೆ ಅಂದರೆ ಕಾರ್ಖಾನೆಯಲ್ಲಿ ಹಣ್ಣನ್ನು ಸಿಪ್ಪೆ ಸಮೇತ ಹಿಂಡುತ್ತಾರೆ. ಮನೆಯಲ್ಲಿ ಕಾಳು ಬಿಡಿಸಿ ಹಿಂಡಿದರೆ ಅಷ್ಟು ಬರುವುದಿಲ್ಲ.

ಆದರೆ ಆಮೇಲೆ ಆದದ್ದು ಕೇಳಿ. ಇಲ್ಲಿನ ಪಾಮ್ ವಂಡರ್‌ಫುಲ್ ಕಂಪನಿ ಬಾಟಲಿಯ ಕುತ್ತಿಗೆಗೆ ನೇಣಿನ ಹಗ್ಗ ಹಾಕಿದ ಚಿತ್ರ ಕೊಟ್ಟು, ಸಾವನ್ನೇ ಯಾಮಾರಿಸಿ ಅನ್ನುವ ಅರ್ಥದ ಜಾಹೀರಾತು ಹಾಕಿತು. ಹೃದಯ ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲದರ ಹೆಸರೂ ಬಂತು. ಅಮೆರಿಕ ಸರ್ಕಾರದ ವ್ಯಾಪಾರ ಆಯೋಗದವರು 2010ರಲ್ಲಿ ಕೇಸು ಹಾಕಿದರು. ಸಾಕ್ಷ್ಯ ಸಾಲದು, ಜನರನ್ನು ದಾರಿ ತಪ್ಪಿಸಿದ್ದೀರಿ ಅಂತ ತೀರ್ಮಾನವಾಗಿ, 2015ರಲ್ಲಿ ಮೇಲ್ಮನವಿ ಕೋರ್ಟು ಕೂಡ ಬಹುಮಟ್ಟಿಗೆ ಅದನ್ನೇ ಎತ್ತಿಹಿಡಿಯಿತು. ಹಣ್ಣಲ್ಲಿ ತಪ್ಪಿಲ್ಲ, ಬಾಯಿಯಲ್ಲಿ ತಪ್ಪು.

ಪಥ್ಯದಕ್ಕ:
ಫ್ರೆಸ್ನೋದವರು ನನ್ನ ಕೆಲಸ ಹಗುರ ಮಾಡಿದರು. ಗಾಜಿನ ಕೊಳವೆಯಲ್ಲಿ ಮೂರು ಪಟ್ಟು ಅಂದರೆ ಮೈಯಲ್ಲಿ ಮೂರು ಪಟ್ಟು ಅಲ್ಲ. ಆ ಪ್ಯೂನಿಕಲಾಜಿನ್ ಇದ್ದ ಹಾಗೆ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಯುರೊಲಿಥಿನ್ ಅನ್ನುವ ಪದಾರ್ಥ ಮಾಡಬೇಕು. ಎಲ್ಲರ ಕರುಳಲ್ಲೂ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಒಂದೇ ಹಣ್ಣನ್ನು ಗಂಡ ಹೆಂಡತಿ ಅರ್ಧರ್ಧ ತಿಂದರೆ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗದೆಯೂ ಇರಬಹುದು. ನೀವು ಹಣ್ಣಿನ ಜೀನು ಲೆಕ್ಕ ಹಾಕುತ್ತಿದ್ದೀರಿ, ಹೊಟ್ಟೆಯ ಒಳಗಿನ ಜನಸಂಖ್ಯೆ ಲೆಕ್ಕಕ್ಕೆ ಇಲ್ಲ!

ರಸ ಕುಡಿದವರಲ್ಲಿ ಬಿಪಿ ಒಂದಷ್ಟು ಇಳಿದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಬಿಪಿ ಮಾತ್ರೆ ಬಿಡುವಷ್ಟಲ್ಲ. ಸಕ್ಕರೆ ಕಾಯಿಲೆ ಇದ್ದವರು ರಸಕ್ಕಿಂತ ಕಾಳು ತಿನ್ನಿ, ಅದೂ ಒಂದು ಹಿಡಿ. 100 ಗ್ರಾಂ ಕಾಳಿಗೆ 13-14 ಗ್ರಾಂ ಸಕ್ಕರೆ ಇದೆ. ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ದಿನಾ ಲೋಟಗಟ್ಟಲೆ ರಸ ಕುಡಿಯಬೇಡಿ.

ಓಡಿನ ತಂಬುಳಿ:
ತಂಬುಳಿಗೂ ಚೀಟಿ ಬರೆದುಕೊಡುತ್ತೀರಾ ಅಕ್ಕ?

ಪಥ್ಯದಕ್ಕ:
ಇಲ್ಲಪ್ಪ, ತಂಬುಳಿ ನಾನೂ ಉಣ್ಣುತ್ತೇನೆ. ಒಗರು ಕರುಳನ್ನು ಹಿಡಿಯುತ್ತದೆ, ಮಜ್ಜಿಗೆಯಿಂದ ಮೈಗೆ ನೀರು ಉಪ್ಪು ಸೇರುತ್ತದೆ. ಸಾಧಾರಣ ಭೇದಿಗೆ ಒಳ್ಳೆಯದೇ. ರಕ್ತ ಬಿದ್ದರೆ, ಜ್ವರ ಇದ್ದರೆ, ಮಗು ಸುಸ್ತಾಗಿ ಬಿದ್ದಿದ್ದರೆ ಓಆರ್‌ಎಸ್ ಕೊಟ್ಟು ಆಸ್ಪತ್ರೆಗೆ ಬನ್ನಿ. ಇನ್ನೊಂದು, ಜಂತುಹುಳಕ್ಕೆ ಅಂತ ದಾಳಿಂಬೆ ಬೇರಿನ ತೊಗಟೆ ಕಷಾಯ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವುದು ವಿಷವೇ, ಹೆಚ್ಚುಕಮ್ಮಿ ಆದರೆ ಕಣ್ಣಿಗೇ ಪೆಟ್ಟು. ಹುಳಕ್ಕೆ ಒಂದು ಮಾತ್ರೆ ಸಾಕು.

ಕುಷ್ಟಗಿ ರೈತ:
ನನ್ನದೂ ಒಂದು ಎಚ್ಚರಿಕೆ ಬರೆದುಕೊಳ್ಳಿ. ಓಡಿನ ತಂಬುಳಿ ಮಾಡುವವರು ಮಾರ್ಕೆಟ್ ಹಣ್ಣಿನ ಓಡು ತಗೋಬೇಡಿ. ಬೆಳೆಯುವವನೇ ಹೇಳುತ್ತಿದ್ದೇನೆ. ದುಂಡಾಣುಗೆ ಹೊಡೆಯುತ್ತೇವೆ, ಕಾಯಿಕೊರಕಕ್ಕೆ ಹೊಡೆಯುತ್ತೇವೆ, ಥ್ರಿಪ್ಸ್‌ಗೆ ಹೊಡೆಯುತ್ತೇವೆ. ಹೊಡೆದದ್ದು ಮೊದಲು ಕೂರುವುದು ಓಡಿನ ಮೇಲೆ. ಕಾಳು ತಿನ್ನುವವರಿಗೆ ಓಡೇ ರಕ್ಷಣೆ. ಓಡನ್ನೇ ತಿಂದರೆ? ಎಕ್ಸ್‌ಪೋರ್ಟ್ ಮಾಲಿಗೆ ಕೊನೆ ಸಿಂಪಡಣೆ ಆಗಿ ಇಂತಿಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಲೆಕ್ಕ ಇದೆ, ತಪಾಸಣೆಯೂ ಇದೆ. ನಮ್ಮೂರ ಸಂತೆಗೆ ಬರುವ ಮಾಲಿಗೆ ಯಾರ ಲೆಕ್ಕ?

ಹಿತ್ತಲಗಿಡ:
ಅಂದರೆ ಅಮ್ಮ ಗೆದ್ದಳು, ಆದರೆ ಬೇರೆ ಕಾರಣಕ್ಕೆ! ನಾಟಿ ಓಡಿಗೆ ಯಾರೂ ಏನೂ ಹೊಡೆದಿಲ್ಲ.

ಮಾರ್ಕೆಟ್ ಮಂಜ:
ಸೋತೆ ಮಾರಾಯ್ರೆ. ಆದರೂ ಒಂದು ಹೇಳುತ್ತೇನೆ. ಆ ಕಲ್ಲು ಬೀಜ ಯಾರು ಅಗಿಯುತ್ತಾರೆ? ದಾಳಿಂಬೆ ಬೀಜದಂಥ ಹಲ್ಲು ಅಂತ ಹೊಗಳುತ್ತಾರೆ. ನಾಟಿ ದಾಳಿಂಬೆ ಅಗಿದರೆ ಹೊಗಳಲು ಹಲ್ಲೇ ಇರಲ್ಲ.

ಹಿತ್ತಲಗಿಡ:
ಅಜ್ಜಿ ಕಾಳನ್ನು ಅಗಿಯುತ್ತಲೇ ಇರಲಿಲ್ಲ. ರಸ ಹೀರಿ ಬೀಜ ಉಗಿಯುತ್ತಿದ್ದಳು. ನಾವು ಮೊಮ್ಮಕ್ಕಳು ಯಾರ ಬೀಜ ಕಲ್ಲು ದಾಟಿ ಬೀಳುತ್ತದೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಇರಲಿ. ಉಳಿಸೋಣ ಅಂತ ತೀರ್ಮಾನ ಮಾಡಿದೆ. ಬಚ್ಚಲುಮನೆ ನಿಲ್ಲಲ್ಲ, ಅಣ್ಣ ಸಿಮೆಂಟ್ ಇಳಿಸಿ ಆಗಿದೆ. ಏನು ಮಾಡಬೇಕು ಹೇಳಿ.

ಕುಷ್ಟಗಿ ರೈತ:
ಮಳೆಗಾಲದಲ್ಲಿ ಗೂಟಿ ಕಟ್ಟುವುದು ಬೆಸ್ಟ್. ಪೆನ್ಸಿಲ್ ದಪ್ಪದ ಕೊಂಬೆ, ಒಂದಿಂಚು ತೊಗಟೆ ಉಂಗುರದ ಹಾಗೆ ತೆಗೆಯುವುದು, ಬೇರು ಬರಿಸುವ ಪುಡಿ ಹಚ್ಚಿ, ನೆನೆಸಿದ ಪಾಚಿ ಸುತ್ತಿ, ಪ್ಲಾಸ್ಟಿಕ್ ಕಟ್ಟುವುದು. ಒಂದೂವರೆ ತಿಂಗಳಲ್ಲಿ ಬಿಳಿ ಬೇರು ಪ್ಲಾಸ್ಟಿಕ್ ಒಳಗೆ ಕಾಣುತ್ತದೆ. ಆದರೆ ನಿಮಗೆ ಒಂದು ವಾರವೇ ಇರುವುದು. ಹಾಗಾಗಿ ಕಡ್ಡಿ ಮಾಡಿಕೊಳ್ಳಿ. ಹೋದ ವರ್ಷದ ಬಲಿತ ಕೊಂಬೆ, ಗೇಣುದ್ದ, ಪೆನ್ಸಿಲ್ ದಪ್ಪ. ಕೆಳಗಿನ ತುದಿ ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ತುದಿ ನೇರ. ಆಗ ಯಾವುದು ತಲೆ ಯಾವುದು ಬುಡ ಗೊತ್ತಾಗುತ್ತದೆ. ನಗಬೇಡಿ, ತಲೆಕೆಳಗಾಗಿ ನೆಟ್ಟವರನ್ನು ನೋಡಿದ್ದೇನೆ. ಎಲೆ ತೆಗೆದು, ಅರ್ಧಕ್ಕಿಂತ ಜಾಸ್ತಿ ಮಣ್ಣಿನೊಳಗೆ ಹೋಗುವ ಹಾಗೆ ಊರಿ. ನೆರಳಲ್ಲಿಡಿ. ನಾಲ್ಕು ಕಡ್ಡಿ ನನಗೂ ಕಳಿಸಿ, ಖರ್ಚು ನಾನು ಕೊಡುತ್ತೇನೆ.

ತಳಿಪುರಾಣ:
ಗೌಡ್ರೇ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಕಡೆಗೆ ಕಡ್ಡಿ ಬೇಡ. ಈ ರೋಗ ದೂರ ಹೋಗುವುದೇ ಕಡ್ಡಿ, ಗೂಟಿ, ಸಸಿಗಳ ಬೆನ್ನೇರಿ. ನಿಮ್ಮ ತೋಟಕ್ಕೂ ಹಾಗೇ ಬಂದಿರಬಹುದು. ಆ ಗಿಡ ಆರೋಗ್ಯವಾಗಿ ಕಂಡರೂ ಯಾರೂ ಪರೀಕ್ಷೆ ಮಾಡಿಲ್ಲ.

ಕುಷ್ಟಗಿ ರೈತ:
ಸರ್, ನನ್ನ ತೋಟಕ್ಕೆ ರೋಗ ತಂದದ್ದು ನರ್ಸರಿ ಗಿಡ, ಸರ್ಟಿಫಿಕೇಟ್ ಇದ್ದದ್ದು. ಸರ್ಟಿಫಿಕೇಟ್ ಇದ್ದದ್ದು ತರಬಹುದು, ಹೆಣ್ಣುಮಗಳ ಹಿತ್ತಲ ಕಡ್ಡಿ ತರಬಾರದು. ಯಾವ ನ್ಯಾಯ ರೀ ಇದು?

ತಳಿಪುರಾಣ:
ನ್ಯಾಯ ಅಲ್ಲ, ಒಪ್ಪಿದೆ. ಅದನ್ನು ತಂದದ್ದೂ ತಪ್ಪಾಗಿತ್ತು, ಇದೂ ತಪ್ಪಾಗಬಾರದು ಅಂತ. ಮೊದಲು ಬೆಂಗಳೂರಲ್ಲಿ, ಅಕ್ಕಪಕ್ಕ ದಾಳಿಂಬೆ ಇಲ್ಲದ ಕಡೆ, ಒಂದು ಮಳೆಗಾಲ ಕಳೆಯಲಿ. ಎಲೆಯಲ್ಲಿ ಎಣ್ಣೆ ಚುಕ್ಕೆ ಕಾಣದಿದ್ದರೆ ಆಮೇಲೆ ನಿಮಗೆ. ಅಷ್ಟರಲ್ಲಿ ಹಿತ್ತಲಗಿಡ ಅವರು ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಗೋ ಬಾಗಲಕೋಟೆಯ ತೋಟಗಾರಿಕೆ ವಿವಿಗೋ ಒಂದು ಪತ್ರ ಬರೆಯಲಿ. ಹೂವು, ಹಣ್ಣು, ಕಾಳಿನ ಫೋಟೊ ಜೊತೆ. ಇನ್ನೊಂದು, 2001ರ ಸಸ್ಯ ತಳಿ ರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಪ್ರಕಾರ ರೈತರೂ ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಲ್ಲಿ ನೋಂದಾಯಿಸಬಹುದು.

ಸುಮ್ನೆ ಕೇಳ್ತೀನಿ:
ಹಾಗಾದರೆ ಅಜ್ಜಿ ಹೆಸರು ಇಡಿ. ಭಗವಾ, ಗಣೇಶ್ ಪಕ್ಕದಲ್ಲಿ ಒಬ್ಬ ಅಜ್ಜಿಯೂ ಇರಲಿ.

ಹಿತ್ತಲಗಿಡ:
ಐದು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ಊರಿಗೆ ಹೋಗಿ ನಾನೇ ಕಡ್ಡಿ ಕತ್ತರಿಸಿಕೊಂಡು ಬಂದೆ. ಹದಿನಾಲ್ಕು. ಒದ್ದೆ ಪೇಪರಲ್ಲಿ ಸುತ್ತಿ ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ "ಏನಮ್ಮಾ, ಹೋಮಕ್ಕಾ?" ಅಂದ. ಗಿಡ ಹೋಯಿತು. ಅಣ್ಣ ಬುಡವನ್ನು ಪೂರ್ತಿ ಕೀಳಿಸದೆ ಒಂದು ಮೊಳ ಬಿಟ್ಟಿದ್ದಾನೆ, ಬಚ್ಚಲು ಗೋಡೆ ಆ ಕಡೆ ಅರ್ಧ ಅಡಿ ಸರಿದಿದೆ. ಅವನು ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮ ಓಡು ಒಣಗಿಸಿ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಕೊಟ್ಟಿದ್ದಾಳೆ.

ತಾರಸಿಯಲ್ಲಿ ಹಳೆಯ ಪೇಂಟ್ ಡಬ್ಬಗಳಲ್ಲಿ ನೆಟ್ಟಿದ್ದೇನೆ. ಹದಿನಾಲ್ಕರಲ್ಲಿ ಒಂಬತ್ತು ಚಿಗುರಿವೆ. ಚಿಗುರು ತಾಮ್ರದ ಬಣ್ಣ!

ಕುಷ್ಟಗಿ ರೈತ:
ಚಿಗುರು ಬಂತು ಅಂತ ಬೇರು ಬಂದಿದೆಯಾ ನೋಡೋಕೆ ಎಳೆಯಬೇಡ ತಂಗಿ. ಕಡ್ಡಿಯಲ್ಲಿ ಇದ್ದ ಸಾರದಿಂದಲೇ ಮೊದಲ ಎಲೆ ಬರುತ್ತದೆ. ಬೇರು ಆಮೇಲೆ.

ಹಿತ್ತಲಗಿಡ:
ಅಣ್ಣಾ, ಒಂದನ್ನು ನಿನ್ನೆಯೇ ಎಳೆದುಬಿಟ್ಟೆ. ಈಗ ಎಂಟು.